ಎಲ್ಲಿ ಬಿತ್ತು ಕನಸು? ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ಸೀಮೆಯ ಕನಸಿನ ಸ್ಥಳಗಳು

(ದತ್ತಿ ಉಪನ್ಯಾಸ)



ದತ್ತಿ ಉಪನ್ಯಾಸಕ್ಕೆ ಸಾಮಾನ್ಯವಾಗಿ ಒಬ್ಬ ಕವಿಯೋ ಒಂದು ಶಾಸನವೋ ಒಂದು ಚಳವಳಿಯೋ ವಿಷಯವಾಗುತ್ತದೆ. ನಾನು ಆರಿಸಿಕೊಂಡದ್ದು ಇಲ್ಲಿ ಕುಳಿತ ಪ್ರತಿಯೊಬ್ಬರಿಗೂ ಗೊತ್ತಿರುವ, ಆದರೆ ಯಾವ ಪಠ್ಯಪುಸ್ತಕದಲ್ಲೂ ಪಾಠವಾಗದ ಸಂಗತಿ: ಕನಸಿನಲ್ಲಿ ಮತ್ತೆ ಮತ್ತೆ ಕಾಣುವ ಜಾಗಗಳು.

ಕನಸು ಬಿತ್ತೆಂದು ಯಾರಾದರೂ ಹೇಳಿದರೆ ನಮ್ಮ ಮೊದಲ ಪ್ರಶ್ನೆ ಫಲದ್ದು. ಹಾವು ಕಂಡರೆ ಏನು, ಹಲ್ಲು ಬಿದ್ದರೆ ಏನು, ತೀರಿಕೊಂಡವರು ಬಂದು ಊಟ ಕೇಳಿದರೆ ಏನು? ಪಂಚಾಂಗದ ಸ್ವಪ್ನಫಲದ ಪುಟ ತೆಗೆದು ನೋಡುತ್ತೇವೆ, ಸಮಾಧಾನವಾಗದಿದ್ದರೆ ಬಲ್ಲವರನ್ನು ಕೇಳುತ್ತೇವೆ. ಆದರೆ ಕನಸು ಹೇಳುವವರ ಮಾತನ್ನು ಗಮನವಿಟ್ಟು ಕೇಳಿ. ಹಾವಿಗಿಂತ ಮೊದಲು ಒಂದು ಮಾತು ಬಂದಿರುತ್ತದೆ: "ನಮ್ಮ ಹಳೇ ಮನಿ ಹಿತ್ತಲದಾಗ ನಿಂತಂಗಿತ್ತರೀ..." ಆ ಹಿತ್ತಲನ್ನು ದಾಟಿ ನಾವು ನೇರವಾಗಿ ಹಾವಿನ ಹತ್ತಿರ ಹೋಗಿಬಿಡುತ್ತೇವೆ. ಈ ಸಂಜೆ ಆ ಹಿತ್ತಲದಲ್ಲೇ ನಿಲ್ಲೋಣ ಎಂಬುದು ನನ್ನ ವಿನಂತಿ.

ನಾನು ಹೇಳಬೇಕಾದದ್ದು ಇಷ್ಟು. ಪದೇ ಪದೇ ಕನಸಾಗಿ ಬರುವ ಜಾಗವೆಂದರೆ ಸಾಮಾನ್ಯವಾಗಿ ನಮ್ಮ ಮನಸ್ಸು ಮೊದಲು ನಡೆಯಲು, ಹೆದರಲು, ನೆಮ್ಮದಿ ಪಡಲು ಕಲಿತ ಜಾಗ. ಇವತ್ತಿನ ಚಿಂತೆ ಎಷ್ಟೇ ಹೊಸದಿರಲಿ, ಮನಸ್ಸು ಅದನ್ನು ಹೊತ್ತುಕೊಂಡು ಆ ಹಳೆಯ ಜಾಗಕ್ಕೆ ಹೋಗುತ್ತದೆ. ಆದ್ದರಿಂದ ಒಂದು ಸೀಮೆಯ ಜನರ ಕನಸಿನ ಸ್ಥಳಗಳನ್ನು ಅರಿತರೆ ಆ ಸೀಮೆಯನ್ನೇ ಒಳಗಿನಿಂದ ಅರಿತಂತೆ.

೧. ಹಿಂದಿನವರು ಕಂಡ ಕನಸಿನ ನೆಲ

ನಮ್ಮ ಪ್ರಾಚೀನರು ಕನಸಿನ ನೆಲವನ್ನು ಚೆನ್ನಾಗಿ ಗಮನಿಸಿದ್ದರು. ಬೃಹದಾರಣ್ಯಕ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಯಾಜ್ಞವಲ್ಕ್ಯರು ಜನಕ ಮಹಾರಾಜನಿಗೆ ಕನಸಿನ ಸ್ಥಿತಿಯನ್ನು ವಿವರಿಸುತ್ತಾರೆ. ಅಲ್ಲಿ ರಥವಿಲ್ಲ, ಕುದುರೆಯಿಲ್ಲ, ಹಾದಿಯಿಲ್ಲ, ಮಲಗಿದವನು ಇವನ್ನೆಲ್ಲ ತಾನೇ ಸೃಷ್ಟಿಸಿಕೊಳ್ಳುತ್ತಾನೆ. ಅಲ್ಲಿ ಹೊಂಡವಿಲ್ಲ, ತಾವರೆಯ ಕೊಳವಿಲ್ಲ, ಹೊಳೆಯಿಲ್ಲ, ಅವನ್ನೂ ಅವನೇ ಸೃಷ್ಟಿಸಿಕೊಳ್ಳುತ್ತಾನೆ. ಉಪನಿಷತ್ತು ಉದಾಹರಣೆಗೆ ಎತ್ತಿಕೊಂಡ ವಸ್ತುಗಳನ್ನು ನೋಡಿ. ರಥ, ಕುದುರೆ ಬಿಟ್ಟರೆ ಹಾದಿ, ಹೊಂಡ, ಕೊಳ, ಹೊಳೆ, ಎಲ್ಲವೂ ಸ್ಥಳಗಳೇ.

ಚರಕಸಂಹಿತೆ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಮುಂದಾಗುವುದನ್ನು ಸೂಚಿಸುವುದು, ದೋಷದಿಂದ ಬರುವುದು. ಇವುಗಳಲ್ಲಿ ಮೊದಲ ಐದಕ್ಕೆ ಫಲವಿಲ್ಲ ಎಂದು ಆ ಗ್ರಂಥವೇ ಹೇಳುತ್ತದೆ. ಹಳೆಯ ಮನೆ ಕಂಡಾಗಲೆಲ್ಲ ಅನಿಷ್ಟವೆಂದು ನಡುಗುವವರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಕಂಡ, ಕೇಳಿದ, ಬಯಸಿದ ಸಂಗತಿಗಳು ಕನಸಾಗುವುದು ಮನಸ್ಸಿನ ಸಹಜ ನಡೆ ಎಂದು ನಮ್ಮ ವೈದ್ಯರು ಬಹು ಹಿಂದೆಯೇ ಒಪ್ಪಿದ್ದರು.

ಈ ವಿಚಾರಕ್ಕೆ ನಮ್ಮ ಸೀಮೆಯದೇ ಒಂದು ಹಿರಿಯ ಕೊಂಡಿಯಿದೆ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ರಾಷ್ಟ್ರಕೂಟರ ಕಾಲದಲ್ಲಿ ಚೆಲ್ಲಕೇತನರ ರಾಜಧಾನಿ. ಜಿನಸೇನಾಚಾರ್ಯರು ಆರಂಭಿಸಿದ ಮಹಾಪುರಾಣವನ್ನು ಅವರ ಶಿಷ್ಯ ಗುಣಭದ್ರಾಚಾರ್ಯರು ಉತ್ತರಪುರಾಣದೊಂದಿಗೆ ಮುಗಿಸಿದರು. ಆ ಗ್ರಂಥಕ್ಕೆ ಶಕ ೮೨೦ರಲ್ಲಿ, ಎಂದರೆ ಕ್ರಿ.ಶ. ೮೯೭-೯೮ರ ಹೊತ್ತಿಗೆ, ಪೂಜೆ ಸಂದದ್ದು ಇದೇ ಬಂಕಾಪುರದಲ್ಲಿ. ಈ ಜೈನ ಪುರಾಣದಲ್ಲಿ ತೀರ್ಥಂಕರರ ಚರಿತೆ ಬಂದಲ್ಲಿ ಅವರ ತಾಯಿಯ ಹದಿನಾರು ಕನಸುಗಳು ಬರುತ್ತವೆ. ಪಂಪ ೯೪೧ರಲ್ಲಿ ಆದಿಪುರಾಣ ಬರೆದಾಗ ಮೊದಲ ತೀರ್ಥಂಕರನ ತಾಯಿ ಮರುದೇವಿಯ ಹದಿನಾರು ಕನಸುಗಳು ಕನ್ನಡಕ್ಕೂ ಬಂದವು. ಆನೆ, ಎತ್ತು, ಸಿಂಹ, ಚಂದ್ರ, ಸೂರ್ಯ ಎಲ್ಲರಿಗೂ ನೆನಪಿರುತ್ತವೆ. ಆ ಹದಿನಾರರಲ್ಲಿ ನಾಲ್ಕು ಸ್ಥಳಗಳೂ ಇವೆ: ತಾವರೆ ತುಂಬಿದ ಸರೋವರ, ತೆರೆಯೆದ್ದ ಕಡಲು, ದೇವವಿಮಾನ, ನಾಗರಾಜನ ಭವನ. ಎರಡು ನೀರಿನ ನೆಲೆಗಳು, ಎರಡು ಮನೆಗಳು. ಸಾವಿರ ವರ್ಷಗಳ ನಂತರ ಈ ನಾಲ್ಕು ತಾಲ್ಲೂಕುಗಳ ಜನ ಹೇಳುವ ಕನಸುಗಳಲ್ಲೂ ಮುಂದೆ ನಿಲ್ಲುವವು ಇವೇ ಎರಡು, ಮನೆ ಮತ್ತು ಕೆರೆ.

೨. ಮನೆ

ನಮ್ಮಲ್ಲಿ ಮನೆ ಒಂದೇ ತೆರನಲ್ಲ. ಮಲೆನಾಡಿನ ಸೆರಗಿಗೆ ತಾಗಿದ ಹಾನಗಲ್ಲಿನ ಪಡುವಣ ಹಳ್ಳಿಗಳಲ್ಲಿ ಮಳೆ ಜೋರು, ಅಲ್ಲಿ ಹೆಚ್ಚಾಗಿ ಇಳಿಜಾರಿನ ಹೆಂಚಿನ ಮನೆಗಳು. ಸವಣೂರಿನತ್ತ ಬಯಲಿಗೆ ಬಂದಂತೆ ಮಣ್ಣಿನ ಮಾಳಿಗೆಯ ಮನೆಗಳು, ಜಂತಿ, ತೊಲೆ, ಬೆಳಕಿಂಡಿ. ಒಳಗಿನ ಕ್ರಮ ಮಾತ್ರ ಬಹುಪಾಲು ಒಂದೇ. ತಲೆಬಾಗಿಲು, ದನ ಕಟ್ಟುವ ಜಾಗ, ಅದಕ್ಕಿಂತ ಎತ್ತರಕ್ಕೆ ಪಡಸಾಲೆ, ನಡುಮನೆ, ಅಡಿಗೆಮನೆ, ದೇವರ ಜಗಲಿ, ಕೊನೆಗೆ ಹಿತ್ತಲ ಬಾಗಿಲು. ಒಳಗೆ ಹೋದಷ್ಟೂ ಬೆಳಕು ಕಡಿಮೆ, ಒಳಗೆ ಹೋದಷ್ಟೂ ಮನೆಯವರದೇ ಜಾಗ. ಪಡಸಾಲೆಯವರೆಗೆ ಪರವೂರಿನವರು, ನಡುಮನೆಯವರೆಗೆ ಬೀಗರು, ಆಚೆಗೆ ತಾಯಿ.

೧೯೦೯ರಲ್ಲಿ ಮನೋವಿಜ್ಞಾನಿ ಕಾರ್ಲ್ ಯೂಂಗ್ ಒಂದು ಮನೆಯ ಕನಸು ಕಂಡರು. ಮಹಡಿಯಿಂದ ಕೆಳಗಿಳಿದು, ನೆಲಮಾಳಿಗೆಗೆ ಹೋಗಿ, ಅದರಡಿಯ ಗುಹೆಯಲ್ಲಿ ಹಳೆಯ ತಲೆಬುರುಡೆಗಳನ್ನು ಕಂಡ ಕನಸದು. ಮನೆ ಎಂದರೆ ಮನಸ್ಸು, ಕೆಳಗಿಳಿದಷ್ಟೂ ಹಳೆಯ ಪದರಗಳು ಎಂದು ಅವರು ಅರ್ಥಮಾಡಿಕೊಂಡರು. ಅವರ ಕಡೆಯ ಮನೆ ಆಳಕ್ಕೆ ಇಳಿಯುತ್ತದೆ, ನಮ್ಮ ಮನೆ ಒಳಕ್ಕೆ ಸರಿಯುತ್ತದೆ. ನಮ್ಮವರ ಕನಸಿನಲ್ಲಿ ಭಯ ತಲೆಬಾಗಿಲಿನಿಂದ ಬರುತ್ತದೆ, ಓಡುವವರು ನಡುಮನೆಗೆ ಓಡುತ್ತಾರೆ, ತಪ್ಪಿಸಿಕೊಳ್ಳುವವರು ಹಿತ್ತಲ ಬಾಗಿಲು ಹುಡುಕುತ್ತಾರೆ. ಕನಸಿನ ದಾರಿಯನ್ನು ಕಟ್ಟಿಕೊಟ್ಟದ್ದು ಮನೆ ಕಟ್ಟಿದ ಬಡಿಗ ಮತ್ತು ಗೌಂಡಿ.

ಈ ಸೀಮೆಯ ಮಹಾಕವಿಯೊಬ್ಬರಿಗೆ ಇದು ತಿಳಿದಿತ್ತು. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರು (೧೮೧೯-೧೮೮೯) ಮಳೆಗೆ ಸೋರುವ ಮಾಳಿಗೆಯನ್ನು ಹಾಡಾಗಿಸಿದರು. ಅಜ್ಞಾನದಿಂದ ಸೋರುವ ದೇಹವನ್ನೂ ಮನಸ್ಸನ್ನೂ ಅದರಲ್ಲಿ ಕಂಡರು. ಕೇಳಿದವರಿಗೆ ವ್ಯಾಖ್ಯಾನ ಬೇಕಾಗಲಿಲ್ಲ. ಮಳೆಗಾಲದ ರಾತ್ರಿ ಸೋರುವ ಕಡೆಗೆಲ್ಲ ಪಾತ್ರೆ ಇಟ್ಟು ಎಚ್ಚರವಿದ್ದ ಜನ ಅವರು. ಅಂಥ ಮನೆಯಲ್ಲಿ ಬೆಳೆದವರಿಗೆ ಮಗಳ ಮದುವೆಯ ಸಾಲವೋ ಆಸ್ಪತ್ರೆಯ ಖರ್ಚೋ ತಲೆಯ ಮೇಲೆ ಕುಳಿತಾಗ, ಈಗ ಆರ್‌ಸಿಸಿ ಮನೆಯಲ್ಲಿ ಮಲಗಿದ್ದರೂ, ಕನಸಿನಲ್ಲಿ ಸೋರುವುದು ಹಳೆಯ ಮಾಳಿಗೆಯೇ.

ಹೆಣ್ಣುಮಕ್ಕಳ ಕನಸಿನ ಮನೆಯದೇ ಒಂದು ಅಧ್ಯಾಯ. ಹದಿನಾರೋ ಹದಿನೆಂಟೋ ವಯಸ್ಸಿಗೆ ತವರು ಬಿಟ್ಟು, ನಲವತ್ತು ಐವತ್ತು ವರ್ಷ ಗಂಡನ ಮನೆಯಲ್ಲಿ ಬಾಳಿದ ತಾಯಂದಿರನ್ನು ಕೇಳಿ ನೋಡಿ. "ಕನಸಿನ್ಯಾಗ ನಾ ಇನ್ನೂ ಅವ್ವನ ಮನ್ಯಾಗನ ಇರ್ತೀನವಾ" ಎಂಬ ಮಾತು ಎಷ್ಟು ಬಾಯಿಂದ ಬರುತ್ತದೆ! ಕೆಲವರಿಗೆ ಇನ್ನೊಂದು ವಿಚಿತ್ರ. ಮನೆ ತವರಿನದು, ಒಲೆಯ ಮುಂದೆ ಕುಳಿತವಳು ಅತ್ತೆ, ಅಂಗಳದಲ್ಲಿ ಆಡುವವರು ತಮ್ಮದೇ ಮೊಮ್ಮಕ್ಕಳು. ಎಂದೂ ಒಂದೆಡೆ ಸೇರದ ಜನ ಕನಸಿನಲ್ಲಿ ತವರಿನ ಮನೆಗೆ ಬಂದು ಸೇರುತ್ತಾರೆ. ಬೀಸುವ ಪದಗಳಲ್ಲಿ ತವರು ಅಷ್ಟೊಂದು ತುಂಬಿಕೊಂಡದ್ದೂ ಇದೇ ಕಾರಣಕ್ಕೆ ಎಂದು ನಾನು ನಂಬುತ್ತೇನೆ. ಬೆಳಗಿನ ಜಾವ ಎದ್ದು ಬೀಸುಕಲ್ಲಿನ ಮುಂದೆ ಕುಳಿತವಳು ಆಗಷ್ಟೇ ತವರಿನಿಂದ ಎದ್ದು ಬಂದಿರುತ್ತಿದ್ದಳು.

ಅಕ್ಕಮಹಾದೇವಿ ತನ್ನ ಕನಸನ್ನು ಹೇಳುವ ವಚನವೊಂದು ನಿಮಗೆ ತಿಳಿದಿದೆ. ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ ಕಂಡು, ಚಿಕ್ಕ ಜಡೆಗಳ ಗೊರವನೊಬ್ಬ ಭಿಕ್ಷೆಗೆಂದು ಮನೆಗೆ ಬಂದದ್ದನ್ನು ಅವಳು ಕಾಣುತ್ತಾಳೆ. ಮನೆ ಬಿಟ್ಟು ಹೊರಟು ಕದಳಿಯ ದಾರಿ ಹಿಡಿದವಳಿಗೂ ದೇವರು ಕನಸಿನಲ್ಲಿ ಕಾಣುವುದು ಮನೆಬಾಗಿಲಿನಲ್ಲಿ. ಬಿಟ್ಟವರನ್ನೂ ಮನೆ ಬಿಡುವುದಿಲ್ಲ.

೩. ಕೆರೆ

ಇದು ಕೆರೆಗಳ ಸೀಮೆ. ಹಾನಗಲ್ಲಿನಲ್ಲಿ ಆನಿಕೆರೆ, ಹಿರೇಕೆರೂರಿನಲ್ಲಿ ಊರ ದೊಡ್ಡ ಕೆರೆ. ಮಾಸೂರಿನ ಬಳಿ ಗುಡ್ಡಗಳ ನಡುವೆ ಕುಮುದ್ವತಿಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗದ ಕೆರೆ, ಅದರ ಕಲ್ಲು ಹಾಸಿದ ಭಾರಿ ಏರಿ. ಇಂಥ ಊರುಗಳಲ್ಲಿ ಹುಟ್ಟಿದ ಮಗುವಿಗೆ ಊರಿನ ಎಲ್ಲೆ ಎಂದರೆ ಏರಿ. ಏರಿಯ ಈಚೆಗೆ ಮನೆ, ಗುಡಿ, ಬಜಾರ. ಆಚೆಗೆ ಹೋಗಬೇಡ ಎಂದು ತಾಯಿ ನೂರು ಸಲ ಹೇಳಿರುತ್ತಾಳೆ. ಸಾವಿನ ಬಗ್ಗೆ ನಮ್ಮ ಮಕ್ಕಳು ಮೊದಲು ಕೇಳುವ ಮಾತುಗಳಲ್ಲಿ ಕೆರೆಗೆ ಬಿದ್ದವರ ಮಾತು ಇದ್ದೇ ಇರುತ್ತದೆ. ಊರಿಗೆಲ್ಲ ಅನ್ನ ಕೊಡುವುದೂ ಅದೇ ಕೆರೆ. ತುಂಬಿದಾಗ ಬಾಗಿನ, ಬತ್ತಿದಾಗ ಆತಂಕ. ಹೀಗೆ ಭಯ ಮತ್ತು ಭರವಸೆ ಎರಡನ್ನೂ ಒಂದೇ ಕಡೆ ಕಲಿಸಿದ ಜಾಗ ಇದು. ಏರಿಯ ಮೇಲೆ ನಡೆಯುವಾಗ ಏರಿ ಕಿರಿದಾಗುತ್ತ ಹೋಗುವುದು, ನೀರು ಸದ್ದಿಲ್ಲದೆ ಕಾಲಿನ ಮಟ್ಟಕ್ಕೆ ಏರುವುದು, ಬತ್ತಿದ ಕೆರೆಯಂಗಳದಲ್ಲಿ ಎಂದೂ ನೋಡದ ಗುಡಿಯೊಂದು ಕಾಣುವುದು, ಇವು ಕೆರೆಯ ಊರುಗಳಲ್ಲಿ ಬೆಳೆದವರಿಗೆ ತೀರ ಪರಿಚಿತ ಕನಸುಗಳು.

"ಕೆರೆಗೆ ಹಾರ" ಲಾವಣಿಯಲ್ಲಿ ಕೆರೆ ಮತ್ತು ಕನಸು ಎರಡೂ ಇವೆ. ನೀರು ಬರದ ಕೆರೆಗೆ ಕಿರಿಯ ಸೊಸೆ ಭಾಗೀರಥಿಯನ್ನು ಹಾರ ಕೊಡುತ್ತಾರೆ. ದಂಡಿನಲ್ಲಿರುವ ಗಂಡ ಮಾದೇವರಾಯನಿಗೆ ಕೆಟ್ಟ ಕನಸು ಬೀಳುತ್ತದೆ, ಅವನು ಕುದುರೆ ಏರಿ ಊರಿಗೆ ಧಾವಿಸುತ್ತಾನೆ. ಯುದ್ಧಕ್ಕೆ ಹೋದವನ ಮೈ ದಂಡಿನಲ್ಲಿ, ಮನಸ್ಸು ಊರಲ್ಲಿ ಎಂಬ ಸತ್ಯವನ್ನು ಹಾಡಿದ ಹೆಂಗಸರು ಬಲ್ಲವರಾಗಿದ್ದರು. ದುಡಿಮೆಗೆಂದು ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ಹೋದ ನಮ್ಮ ಹುಡುಗರು ಇಂದಿಗೂ ರಾತ್ರಿ ಊರ ಕೆರೆಯ ಏರಿಯ ಮೇಲೆ ಓಡಾಡಿ ಬೆಳಗ್ಗೆ ಕೆಲಸಕ್ಕೆ ಏಳುತ್ತಾರೆ.

ಹಾನಗಲ್ಲಿನ ತಾರಕೇಶ್ವರ ಗುಡಿಯ ಮಂಟಪದಲ್ಲಿ ನಿಂತು ಕತ್ತೆತ್ತಿ ನೋಡಿದವರಿಗೆ ಕಲ್ಲಿನ ಭಾರಿ ಕಮಲ ಕಾಣುತ್ತದೆ. ಕಡೆದವರ ಮನಸ್ಸಿನಲ್ಲಿ ಏನಿತ್ತೋ ಹೇಳಲಾರೆ. ಆದರೆ ನೀರಿನ ಹೂವನ್ನು ತಲೆಯ ಮೇಲೆ ತಂದು ನಿಲ್ಲಿಸುವುದು ಎಚ್ಚರದ ಲೆಕ್ಕಕ್ಕೆ ಸಿಗುವ ಕೆಲಸವಲ್ಲ. ಕನಸು ಸ್ಥಳಗಳನ್ನು ಹೀಗೆಯೇ ಮೇಲೆ ಕೆಳಗೆ ಮಾಡುತ್ತದೆ. ಆ ಗುಡಿಯಲ್ಲಿ ಆಡಿ ಬೆಳೆದ ಮಕ್ಕಳಿಗೆ ಅದು ಜನ್ಮಕ್ಕೆಲ್ಲ ಸಾಕಾಗುವ ಬಂಡವಾಳ.

೪. ಮರ, ಹಾದಿ, ಶಾಲೆ

ಸವಣೂರಿನವರಿಗೆ ದೊಡ್ಡ ಹುಣಸೆಮರಗಳ (ಬಾವೋಬಾಬ್) ಪರಿಚಯ ಹೇಳಬೇಕಾಗಿಲ್ಲ. ಆಫ್ರಿಕಾ ಮೂಲದ ಈ ಮೂರು ಮರಗಳು ಕಲ್ಮಠದ ಆವರಣದಲ್ಲಿ ಶತಮಾನಗಳಿಂದ ನಿಂತಿವೆ. ಹತ್ತಾರು ಮಕ್ಕಳು ಕೈಕೈ ಹಿಡಿದು ಸುತ್ತುವರಿಯಬೇಕಾದ ಬೊಡ್ಡೆ. ೨೦೨೩ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬುಡಮೇಲಾದಾಗ ಊರೇ ನೆರೆಯಿತು, ಮರವನ್ನು ಮತ್ತೆ ಎತ್ತಿ ನೆಡಲಾಯಿತು. ಒಂದು ಮರಕ್ಕಾಗಿ ಊರು ಅಷ್ಟು ಕಳವಳಪಟ್ಟದ್ದೇಕೆ? ಸವಣೂರಿನಲ್ಲಿ ಹುಟ್ಟಿದವರಿಗೆ ಅದು ದಿಕ್ಕು ಹೇಳುವ ಗುರುತು. ಅಂಥ ಗುರುತುಗಳು ಕನಸಿನಲ್ಲೂ ದಿಕ್ಕು ಹೇಳುತ್ತವೆ. ಬಂಕಾಪುರದವರಿಗೆ ಕೋಟೆ, ಕಂದಕ, ನವಿಲಿನ ಕೂಗು ಹಾಗೆಯೇ.

ಓದಿದವರ ಕನಸಿನಲ್ಲಿ ಶಾಲೆ ತಪ್ಪುವುದಿಲ್ಲ. ನಿವೃತ್ತರಾಗಿ ವರ್ಷಗಳಾದರೂ ಪರೀಕ್ಷೆಯ ಕೋಣೆ ಸಿಗದೆ ಓಡಾಡುವುದು, ಸಿಕ್ಕರೂ ಗಣಿತದ ಪತ್ರಿಕೆ ಕೈಗೆ ಬರುವುದು, ಪೆನ್ನು ಇಲ್ಲದಿರುವುದು. ೧೯೫೮ರಲ್ಲಿ ಜಪಾನಿನ ಮತ್ತು ಅಮೆರಿಕದ ವಿದ್ಯಾರ್ಥಿಗಳ ಕನಸುಗಳನ್ನು ಹೋಲಿಸಿದ ಅಧ್ಯಯನದಲ್ಲಿ ಎರಡೂ ದೇಶಗಳಲ್ಲಿ ಅಟ್ಟಿಸಿಕೊಂಡು ಬರುವ, ಬೀಳುವ, ಶಾಲೆಯ ಕನಸುಗಳು ಸಾಮಾನ್ಯವಾಗಿ ಕಂಡುಬಂದವು. ಕನಸಿನ ಕಥೆ ಲೋಕಕ್ಕೆಲ್ಲ ಒಂದೇ ಇರಬಹುದು. ಅದು ನಡೆಯುವ ಅಂಗಳ ಮಾತ್ರ ಅವರವರ ಊರಿನದು. ಟೋಕಿಯೊದ ಹುಡುಗನಿಗೆ ಅವನ ಶಾಲೆಯ ಓಣಿ, ನಮ್ಮವರಿಗೆ ಹೆಂಚಿನ ಛಾವಣಿಯ ಕನ್ನಡ ಗಂಡುಮಕ್ಕಳ ಶಾಲೆ ಮತ್ತು ಕೊನೆಯ ಬಸ್ಸು ಹೋಗಿಬಿಟ್ಟ ಹಾನಗಲ್ಲಿನ ಬಸ್ ಸ್ಟ್ಯಾಂಡ್.

ಸ್ಥಳವೆಂದರೆ ಕಣ್ಣಿಗೆ ಕಾಣುವುದಷ್ಟೇ ಎಂದು ತಿಳಿಯಬಾರದು. ಹಾನಗಲ್ಲ ತಾಲ್ಲೂಕು ನಾಡಿಗೆ ಇಬ್ಬರು ಅಂಧ ಸಂಗೀತ ಗುರುಗಳನ್ನು ಕೊಟ್ಟಿದೆ. ೧೮೯೨ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು, ೧೯೧೪ರಲ್ಲಿ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು. ಹಾನಗಲ್ಲ ಕುಮಾರ ಶಿವಯೋಗಿಗಳ ಆಸರೆಯಿಂದ ಮೊದಲಾದ ಆ ಪರಂಪರೆ ಗದಗಿನ ವೀರೇಶ್ವರ ಪುಣ್ಯಾಶ್ರಮವಾಗಿ ಬೆಳೆಯಿತು. ಹುಟ್ಟು ಅಂಧರ ಕನಸುಗಳ ಅಧ್ಯಯನಗಳು ಹೇಳುವಂತೆ ಅವರಿಗೂ ಕನಸಿನಲ್ಲಿ ಸ್ಥಳಗಳಿವೆ. ಸದ್ದು, ಸ್ಪರ್ಶ, ವಾಸನೆ, ಕಾಲ ಕೆಳಗಿನ ನೆಲದ ಏರಿಳಿತಗಳಿಂದ ಕಟ್ಟಿದ ಸ್ಥಳಗಳು ಅವು. ಏಳೆಂಟು ವಯಸ್ಸಿನ ನಂತರ ಕಣ್ಣು ಕಳೆದುಕೊಂಡವರು ಬಹುಕಾಲ ಕನಸಿನಲ್ಲಿ ನೋಡುತ್ತಲೇ ಇರಬಲ್ಲರು. ನಮ್ಮ ಕನಸಿನ ಮನೆಯಲ್ಲೂ ಕಣ್ಣಿಗಿಂತ ಮೊದಲು ಗುರುತು ಹಿಡಿಯುವುದು ಸೆಗಣಿ ಸಾರಿಸಿದ ನೆಲದ ತಂಪು, ಬಾಗಿಲ ಕಿರುಗುಟ್ಟುವಿಕೆ.

೫. ನಿದ್ದೆಯೊಳಗೆ ನಡೆಯುವ ಕೆಲಸ

ಹಳೆಯ ಜಾಗಕ್ಕೇ ಮನಸ್ಸು ಹೋಗುವುದೇಕೆ? ಕಳೆದ ಎಪ್ಪತ್ತು ವರ್ಷಗಳ ವಿಜ್ಞಾನ ಇದಕ್ಕೆ ಬೆಳಕು ಚೆಲ್ಲಿದೆ. ೧೯೫೩ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್, ನಿದ್ದೆಯ ಒಂದು ಹಂತದಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ವೇಗವಾಗಿ ಚಲಿಸುವುದನ್ನು ತೋರಿಸಿದರು. ಆ ಹಂತದಲ್ಲಿ ಎಬ್ಬಿಸಿದವರು ಕನಸನ್ನು ಹೆಚ್ಚು ಸ್ಪಷ್ಟವಾಗಿ ಹೇಳುತ್ತಾರೆ. ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಅದು ಮರಳುತ್ತದೆ, ರಾತ್ರಿ ಕಳೆದಂತೆ ಉದ್ದವಾಗುತ್ತ ಹೋಗುತ್ತದೆ. ಬೆಳಗಿನ ಜಾವದ ಕನಸಿಗೆ ನಮ್ಮ ಹಿರಿಯರು ಕೊಟ್ಟ ವಿಶೇಷ ಸ್ಥಾನದ ಹಿಂದೆ ಈ ಅನುಭವವಿರಬಹುದು. ಆಗಿನ ಕನಸು ದೀರ್ಘ, ಎದ್ದಾಗ ನೆನಪಿನಲ್ಲಿ ಉಳಿಯುವುದೂ ಅದೇ.

ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಸ್ಥಳವನ್ನು ಗುರುತಿಸುವ ಜೀವಕೋಶಗಳಿವೆ ಎಂದು ಜಾನ್ ಓಕೀಫ್ ೧೯೭೧ರಲ್ಲಿ ಕಂಡುಹಿಡಿದರು. ಇಲಿ ಒಂದು ಮೂಲೆಗೆ ಬಂದಾಗ ಒಂದು ಕೋಶ, ಇನ್ನೊಂದು ಮೂಲೆಗೆ ಹೋದಾಗ ಇನ್ನೊಂದು ಕೋಶ ಮಿಡಿಯುತ್ತದೆ. ೨೦೧೪ರಲ್ಲಿ ಅವರಿಗೂ ಮೋಸರ್ ದಂಪತಿಗೂ ನೊಬೆಲ್ ಬಂದದ್ದು ಮಿದುಳಿನ ಈ ಸ್ಥಳಜ್ಞಾನದ ಸಂಶೋಧನೆಗೆ. ೧೯೯೪ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಎಚ್ಚರದಲ್ಲಿ ಒಟ್ಟಿಗೆ ಮಿಡಿದ ಸ್ಥಳಕೋಶಗಳು ಇಲಿ ಮಲಗಿದಾಗಲೂ ಒಟ್ಟಿಗೆ ಮಿಡಿಯುತ್ತವೆ ಎಂದು ತೋರಿಸಿದರು. ಹಗಲು ನಡೆದ ಹಾದಿಯನ್ನು ಮಿದುಳು ನಿದ್ದೆಯಲ್ಲಿ ಮತ್ತೆ ತಿರುವಿ ಹಾಕುತ್ತದೆ.

ನನ್ನ ವಾದಕ್ಕೆ ಹೆಚ್ಚು ಹತ್ತಿರದ್ದು ೨೦೧೦ರ ಒಂದು ಅಧ್ಯಯನ. ವ್ಯಾಮ್ಸ್ಲಿ, ಸ್ಟಿಕ್‌ಗೋಲ್ಡ್ ಮತ್ತು ಜೊತೆಗಾರರು ಕಂಪ್ಯೂಟರಿನ ಮೇಲೆ ಚಕ್ರವ್ಯೂಹದಂಥ ದಾರಿಯನ್ನು ಜನರಿಗೆ ಕಲಿಸಿ, ಕೆಲವರನ್ನು ಸ್ವಲ್ಪ ಹೊತ್ತು ಮಲಗಿಸಿದರು. ಆ ದಾರಿಗೆ ಸಂಬಂಧಿಸಿದ ಕನಸು ಕಂಡವರು ಎದ್ದ ಮೇಲೆ ದಾರಿಯನ್ನು ಬಹಳ ಚೆನ್ನಾಗಿ ಹಿಡಿದರು. ಅವರಲ್ಲೊಬ್ಬರು, ಆ ವ್ಯೂಹದ ಜೊತೆಗೆ ತಾವು ವರ್ಷಗಳ ಹಿಂದೆ ನೋಡಿದ್ದ ಬಾವಲಿ ಗುಹೆಗಳೂ ಮನಸ್ಸಿಗೆ ಬಂದವು ಎಂದರು. ಹೊಸ ಗೊಂದಲವೊಂದು ಬಂದಾಗ ಮಲಗಿದ ಮನಸ್ಸು ತನ್ನ ಬಳಿಯಿರುವ ಹಳೆಯ ಜಾಗಗಳಲ್ಲಿ ಇದರಂಥದ್ದು ಯಾವುದಿದೆ ಎಂದು ಹುಡುಕಿ, ಹೊಸದನ್ನು ಅಲ್ಲಿಗೆ ಒಯ್ದು ನಿಲ್ಲಿಸುತ್ತದೆ. ಅದಕ್ಕೇ ಬೆಂಗಳೂರಿನ ಕಚೇರಿಯ ಸಂಕಟ ಹಿರೇಕೆರೂರಿನ ಶಾಲೆಯಲ್ಲಿ ಕನಸಾಗುತ್ತದೆ. ಮೇಲಧಿಕಾರಿಯ ಮುಂದೆ ನಿಲ್ಲುವ ಅಂಜಿಕೆಯನ್ನು ನಾವು ಮೊದಲು ಕಲಿತದ್ದು ಗುರುಗಳ ಮೇಜಿನ ಮುಂದೆ.

ಕನಸುಗಳನ್ನು ಲೆಕ್ಕ ಹಾಕಿ ಅಧ್ಯಯನ ಮಾಡುವ ಕ್ರಮವನ್ನು ೧೯೬೬ರಲ್ಲಿ ರೂಪಿಸಿದ ಹಾಲ್ ಮತ್ತು ವಾನ್ ಡಿ ಕ್ಯಾಸಲ್, ಸ್ಥಳಗಳಿಗೇ ಒಂದು ವಿಭಾಗ ಕೊಟ್ಟರು. ಒಳಗಿನದೋ ಹೊರಗಿನದೋ, ಪರಿಚಿತವೋ ಅಪರಿಚಿತವೋ ಎಂದು ಕೇಳುವುದರ ಜೊತೆಗೆ, ಪರಿಚಿತವೇ ಆದರೂ ಬದಲಾದದ್ದು ಎಂಬ ವರ್ಗವನ್ನೂ ಇಟ್ಟರು. "ನಮ್ಮ ಮನಿ ಇದ್ದಂಗ ಇತ್ತು, ಆದ್ರ ನಮ್ಮ ಮನಿ ಅಲ್ಲ" ಎಂದು ನಮ್ಮ ಅಜ್ಜಿಯರು ಹೇಳುವಾಗ ಆ ವರ್ಗವನ್ನೇ ಹೆಸರಿಸುತ್ತಾರೆ. ಒಂದು ಕೋಣೆ ಹೆಚ್ಚಿರುತ್ತದೆ, ಪಡಸಾಲೆಯ ಬಾಗಿಲು ತೆರೆದರೆ ಕೆರೆ ಕಾಣುತ್ತದೆ. ಬೇರೆ ಬೇರೆ ಕಾಲದಲ್ಲಿ ಕಲಿತ ಎರಡು ಜಾಗಗಳು ಅಲ್ಲಿ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ.

೬. ಇಲ್ಲವಾದ ಜಾಗಗಳು

ನೆಲದ ಮೇಲಿಂದ ಹೋದ ಜಾಗ ಕನಸಿನಿಂದ ಹೋಗುವುದಿಲ್ಲ. ಅಣ್ಣತಮ್ಮಂದಿರು ಪಾಲಾಗಿ ನಡುಮನೆಯಲ್ಲಿ ಗೋಡೆ ಎದ್ದರೂ ಕನಸಿನಲ್ಲಿ ಮನೆ ಇಡಿಯಾಗಿರುತ್ತದೆ. ರಸ್ತೆ ಅಗಲವಾಗಿ ಕಟ್ಟೆ ಹೋದರೂ ಕನಸಿನಲ್ಲಿ ಹಿರಿಯರು ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಶರಾವತಿ ಕಣಿವೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ಬಿಟ್ಟವರನ್ನು, ಆಲಮಟ್ಟಿಯ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆ ಬಿಟ್ಟು ನವನಗರಕ್ಕೆ ಬಂದವರನ್ನು ನೆನೆಯಿರಿ. ಬೇಸಿಗೆಯಲ್ಲಿ ಶರಾವತಿಯ ಹಿನ್ನೀರು ತಗ್ಗಿದಾಗ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮತ್ತೆ ಹೊರಗೆ ಕಾಣುತ್ತದೆ. ನಾ. ಡಿಸೋಜ ತಮ್ಮ "ಮುಳುಗಡೆ", "ದ್ವೀಪ" ಕಾದಂಬರಿಗಳಲ್ಲಿ ಶರಾವತಿಯ ಈ ಜನರ ಪಾಡನ್ನು ಬರೆದರು. ಪರಿಹಾರದ ಲೆಕ್ಕದಲ್ಲಿ ಎಕರೆ, ಗುಂಟೆ, ತೆಂಗಿನ ಮರಗಳಿಗೆ ಜಾಗವಿದೆ. ಒಬ್ಬ ಮನುಷ್ಯ ಉಳಿದ ಬದುಕಿನುದ್ದಕ್ಕೂ ಪ್ರತಿ ರಾತ್ರಿ ಹೋಗಿ ಬರುವ ಊರಿಗೆ ಆ ಲೆಕ್ಕದಲ್ಲಿ ಕಾಲಂ ಇಲ್ಲ.

ಪರದೇಶಕ್ಕೆ ಹೋದ ನಮ್ಮ ಕುಟುಂಬಗಳಲ್ಲೂ ಇದು ಕಾಣುತ್ತದೆ. ಅಲ್ಲೇ ಮೂವತ್ತು ವರ್ಷ ಬಾಳಿದ ತಂದೆಗೆ ಕನಸಿನ ಮನೆ ಶಿಗ್ಗಾವಿಯದು, ಅಲ್ಲೇ ಹುಟ್ಟಿದ ಮಗಳಿಗೆ ಹಿಮ ಬಿದ್ದ ಬೀದಿ. ಒಂದೇ ಸೂರಿನಡಿ ಮಲಗಿದವರು ರಾತ್ರಿ ಬೇರೆ ಬೇರೆ ಊರುಗಳಿಗೆ ಹೋಗುತ್ತಾರೆ. ಆ ತಂದೆ ತನ್ನ ಕನಸಿನ ಮನೆಯನ್ನು ಕಾಗದದ ಮೇಲೆ ಗೆರೆ ಎಳೆದು ಮಗಳಿಗೆ ತೋರಿಸಿದರೆ, ಅವಳಿಗೆ ಸಿಗುವ ಶಿಗ್ಗಾವಿಯನ್ನು ಯಾವ ಫೋಟೋವೂ ಕೊಡಲಾರದು.

೭. ಅಪ್ಪಣೆಯಾದ ಜಾಗ, ಬೆಚ್ಚಿಸುವ ಜಾಗ

ಕನಸಿನ ಸ್ಥಳ ಖಾಸಗಿಯಾಗಿಯೇ ಉಳಿಯುವುದಿಲ್ಲ, ಕೆಲವೊಮ್ಮೆ ಊರನ್ನೇ ಕಟ್ಟುತ್ತದೆ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರಿಗೆ ಆದಿಕೇಶವ ಕನಸಿನಲ್ಲಿ ಬಂದು ತನ್ನ ದಾಸನಾಗೆಂದ ಎನ್ನುವುದು, ಕಾಗಿನೆಲೆಯಲ್ಲಿ ಗುಡಿ ಎದ್ದದ್ದು, ಐತಿಹ್ಯವಾಗಿ ಮನೆಮನೆಯಲ್ಲಿದೆ. ನಮ್ಮ ಹಳ್ಳಿಗಳ ಎಷ್ಟೋ ಗುಡಿಗಳ ಕಥೆ ಹೀಗೆಯೇ ಆರಂಭವಾಗುತ್ತದೆ. ದೇವರು ಕನಸಿನಲ್ಲಿ ಬ್ರಹ್ಮೋಪದೇಶ ಮಾಡುವುದಿಲ್ಲ, ಜಾಗ ಹೇಳುತ್ತಾನೆ. ಹುತ್ತದಲ್ಲಿದ್ದೇನೆ, ಕೆರೆಯ ಹೂಳಿನಲ್ಲಿದ್ದೇನೆ, ಬೇವಿನ ಬುಡದಲ್ಲಿದ್ದೇನೆ. ಊರಿನ ಜನ ದಿನವೂ ಹಾದುಹೋಗುತ್ತಿದ್ದ ಮೂಲೆಯೊಂದು ಮರುದಿನದಿಂದ ಪೂಜ್ಯವಾಗುತ್ತದೆ. ಇದರಲ್ಲಿ ನನ್ನಲ್ಲಿ ಗೌರವ ಹುಟ್ಟಿಸುವ ಅಂಶ, ತುಳಿದ ನೆಲವನ್ನು ಮತ್ತೆ ಕಣ್ಣು ತೆರೆದು ನೋಡುವಂತೆ ಮಾಡಿದ ಶಕ್ತಿ.

ಆದರೆ ಮತ್ತೆ ಮತ್ತೆ ಬರುವ ಜಾಗ ಕೆಲವರಿಗೆ ಯಾತನೆ. ಅಪಘಾತವಾದ ತಿರುವು, ಮಗು ಮುಳುಗಿದ ಬಾವಿ, ಹೊಡೆತ ತಿಂದ ಕೋಣೆ. ಅಂಥ ಕನಸು ವಾರಗಟ್ಟಲೆ ಬಂದು ನಿದ್ದೆಯೇ ಬೇಡವೆನಿಸಿದರೆ, ತಾಯತ ಕಟ್ಟಿಸಿ ಸುಮ್ಮನಾಗಬಾರದು. ಮನೋವೈದ್ಯರಲ್ಲಿ ಇದಕ್ಕೆ ಉಪಾಯವಿದೆ. ಕೆಟ್ಟ ಕನಸನ್ನು ಹಗಲಿನಲ್ಲಿ ಬರೆದು, ಅದರ ಮುಂದಿನ ನಡೆಯನ್ನು ಬೇಕಾದಂತೆ ಬದಲಿಸಿ, ಬದಲಾದ ಕನಸನ್ನು ದಿನವೂ ಕೆಲ ಹೊತ್ತು ಮನಸ್ಸಿನಲ್ಲಿ ಅಭ್ಯಾಸ ಮಾಡುವ ವಿಧಾನದಿಂದ ಅನೇಕರಿಗೆ ಕೆಟ್ಟ ಕನಸು ಕಡಿಮೆಯಾದದ್ದನ್ನು ೨೦೦೧ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಬಾವಿಗೆ ಮೆಟ್ಟಿಲು ಇಡಬಹುದು, ಕೋಣೆಗೆ ಇನ್ನೊಂದು ಬಾಗಿಲು ತೆರೆಯಬಹುದು. ನಮ್ಮ ಸಮೀಪದ ಧಾರವಾಡದಲ್ಲೇ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸರ್ಕಾರಿ ಸಂಸ್ಥೆಯಿದೆ. ಅಲ್ಲಿಗೆ ಹೋಗುವುದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ.

೮. ಮುಂದೆ ಮಾಡಬೇಕಾದದ್ದು

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹಾಡು, ಒಗಟು, ಗಾದೆಗಳನ್ನು ಕೂಡಿಸಿದಂತೆ ಈ ನಾಲ್ಕು ತಾಲ್ಲೂಕುಗಳ ಕನಸಿನ ಸ್ಥಳಗಳನ್ನೂ ಕೂಡಿಸುವ ಕೆಲಸ ಆಗಬೇಕು. ಅದಕ್ಕೆ ಹಣ ಬೇಕಾಗಿಲ್ಲ, ಕೇಳುವ ಕ್ರಮ ಬೇಕು. ಶಿಕ್ಷಕ ಬಂಧುಗಳಲ್ಲಿ ನನ್ನ ಕೋರಿಕೆ ಇದು. ಮಕ್ಕಳನ್ನು ಅವರ ಅಜ್ಜ ಅಜ್ಜಿಯರ ಬಳಿ ಕಳಿಸಿ. ಕನಸಿನ ಫಲ ಕೇಳುವುದು ಬೇಡ. ಯಾವ ಮನೆ, ಯಾವ ಬಾಗಿಲಿನಿಂದ ಒಳಗೆ ಬಂದಿರಿ, ನೀರು ಯಾವ ದಿಕ್ಕಿಗಿತ್ತು, ಬೆಳಕು ಎಲ್ಲಿಂದ ಬೀಳುತ್ತಿತ್ತು, ಆ ಜಾಗ ಈಗ ಇದೆಯೇ ಎಂದು ಕೇಳಲಿ. ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಂಡು, ಪಕ್ಕದಲ್ಲಿ ಮನೆಯ ನಕ್ಷೆ ಎಳೆಯಲಿ. ಹೇಳಲು ಒಲ್ಲೆವೆಂದವರನ್ನು ಒತ್ತಾಯಿಸಬಾರದು, ಹೇಳಿದವರ ಹೆಸರನ್ನು ಹೊರಗೆ ಹಾಕಬಾರದು. ಕೆಲವೇ ವರ್ಷಗಳಲ್ಲಿ ಬಿದ್ದುಹೋದ ಮನೆಗಳ, ಹೂಳು ತುಂಬಿದ ಕೆರೆಗಳ, ಕಡಿದ ಮರಗಳ ದಾಖಲೆಯೊಂದು ನಮ್ಮ ಕೈಗೆ ಬರುತ್ತದೆ. ಯಾವ ಕಂದಾಯ ಕಚೇರಿಯಲ್ಲೂ ಅಂಥ ದಾಖಲೆಯಿಲ್ಲ.

ಕೊನೆಯದಾಗಿ ಇದರಿಂದ ಹುಟ್ಟುವ ಹೊಣೆಯ ಮಾತು. ಒಬ್ಬ ಮನುಷ್ಯ ಬಾಲ್ಯದಲ್ಲಿ ಕಲಿತ ಜಾಗಗಳಲ್ಲೇ ಮುಂದಿನ ಅರವತ್ತು ಎಪ್ಪತ್ತು ವರ್ಷ ತನ್ನ ಚಿಂತೆಗಳನ್ನು ಇಳಿಸಿಕೊಳ್ಳುವುದಾದರೆ, ಇವತ್ತು ನಾವು ಮಕ್ಕಳಿಗೆ ಎಂಥ ಜಾಗಗಳನ್ನು ಕೊಡುತ್ತಿದ್ದೇವೆ? ಪೆಟ್ಟಿನ ಭಯವಿರುವ ತರಗತಿಯನ್ನು ಕೊಟ್ಟರೆ ಆ ಮಗು ಮುದುಕನಾದಾಗಲೂ ಅಲ್ಲಿಯೇ ಬೆಚ್ಚಿ ಏಳುತ್ತಾನೆ. ಕೊಳಚೆ ತುಂಬಿದ ಕೆರೆಯನ್ನು ಕೊಟ್ಟರೆ ಅವನ ಕನಸಿನ ನೀರೂ ಅದೇ. ಆಡಲು ಅಂಗಳ, ಹತ್ತಲು ಮರ, ಕೂರಲು ಕಟ್ಟೆ, ಹೆದರಿದಾಗ ಓಡಿಹೋಗಲು ಒಂದು ನಡುಮನೆ ಕೊಟ್ಟರೆ ಅವನಿಗೆ ಜೀವಮಾನದುದ್ದಕ್ಕೂ ಆಸರೆ ಕೊಟ್ಟಂತೆ. ಆನಿಕೆರೆಯ ಹೂಳು ತೆಗೆಯುವುದು, ಸವಣೂರಿನ ಮರಗಳನ್ನು ಕಾಯುವುದು, ಶಾಲೆಯ ಗೋಡೆಗೆ ಸುಣ್ಣ ಬಳಿದು ಒಳಗೆ ಬೆತ್ತವಿಲ್ಲದಂತೆ ನೋಡಿಕೊಳ್ಳುವುದು, ಇವೆಲ್ಲ ಊರಿನ ಅಭಿವೃದ್ಧಿ ಎಂದು ಮಾಡುತ್ತೇವೆ, ಮಾಡಬೇಕು. ಅದರ ಜೊತೆಗೆ ಅವು ಮುಂದಿನ ತಲೆಮಾರಿನ ನಿದ್ದೆಗೆ ನಾವು ಇಡುವ ದತ್ತಿಯೂ ಹೌದು. ದತ್ತಿ ಎಂದರೆ ನಾವು ಹೋದ ಮೇಲೂ ಬಡ್ಡಿ ಕೊಡುತ್ತಿರಬೇಕಾದ ಮೂಲಧನ. ಈ ಮೂಲಧನವನ್ನು ನಾಲ್ಕೂ ತಾಲ್ಲೂಕುಗಳ ಹಿರಿಯರು ಇವತ್ತೇ ಇಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತ ನನ್ನ ಮಾತು ಮುಗಿಸುತ್ತೇನೆ.